ಹನ್ನೆರಡು ಸಾವಿರಕ್ಕೊಂದು ತಾರೀಖು ಕೊಡಿ

ಇವರಿಗೆ,
ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರ ಗೌರವಧನದ ಕಾಗದಕ್ಕೆ ಸಹಿ ಹಾಕುವ ಎಲ್ಲರಿಗೂ:
ಮುಖ್ಯಗುರುಗಳು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ), ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ), ಉಪನಿರ್ದೇಶಕರು, ಅಪರ ಆಯುಕ್ತರು ಹಾಗೂ ಮಾನ್ಯ ಶಾಲಾ ಶಿಕ್ಷಣ ಸಚಿವರು

ವಿಷಯ: ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಅತಿಥಿ ಶಿಕ್ಷಕರಿಗೆ ತಿಂಗಳಿಗೆ ತಿಂಗಳು ನಿಗದಿತ ದಿನ ಗೌರವಧನ, ಕೈಗೆ ಆದೇಶದ ಪ್ರತಿ, ವರ್ಷದ ಕೊನೆಗೆ ಸೇವಾ ಪ್ರಮಾಣಪತ್ರ ಕೊಡುವ ಕುರಿತು.

ಮಾನ್ಯರೇ,

ಈ ಭಾಗದ ಅತಿಥಿ ಶಿಕ್ಷಕರಿಬ್ಬರು ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಆರಾಮ ಇದ್ದೀರಾ ಎಂದು ಕೇಳುವ ಮೊದಲೇ ಬರುವ ಮಾತು ಒಂದಿದೆ: "ಪಗಾರ ಆತೇನ್ರಿ?" ಉತ್ತರವೂ ಸಿದ್ಧ: "ಗ್ರ್ಯಾಂಟ್ ಬಂದಿಲ್ಲಂತ್ರಿ." ನಮ್ಮ ತಕರಾರು ಇರುವುದು ಆ 'ಅಂತ್ರಿ'ಯ ಮೇಲೆ. ಬಂದಿಲ್ಲ ಎಂದು ಹೇಳಿದವರು ಯಾರು, ಎಲ್ಲಿ ನಿಂತಿದೆ, ಯಾವಾಗ ಬರುತ್ತದೆ? ಮುಖ್ಯಗುರುಗಳು ಸಿಆರ್‌ಪಿ ಕಡೆ ಕೈ ತೋರಿಸುತ್ತಾರೆ, ಸಿಆರ್‌ಪಿ ಬ್ಲಾಕ್ ಕಚೇರಿಯ ವಿಷಯ ನಿರ್ವಾಹಕರ ಕಡೆ, ಅವರು ಖಜಾನೆ ಕಡೆ, ಖಜಾನೆಯವರು ಬೆಂಗಳೂರಿನ ಕಡೆ. ಯಾರೂ ಸುಳ್ಳು ಹೇಳುತ್ತಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ಅದಕ್ಕೇ ಈ ಪತ್ರವನ್ನು ಒಬ್ಬರಿಗೆ ಬರೆದಿಲ್ಲ. ನಮ್ಮ ಬಿಲ್ ಯಾರ ಯಾರ ಮೇಜು ದಾಟಿ ಹೋಗುತ್ತದೋ ಅವರಿಗೆಲ್ಲ ಬರೆದಿದ್ದೇವೆ.

ಕಾಯಂ ಮಾಡಿ, ಗೌರವಧನ ಹೆಚ್ಚಿಸಿ ಎಂಬ ದೊಡ್ಡ ಬೇಡಿಕೆಗಳು ಇದ್ದೇ ಇವೆ. ಅವನ್ನು ನಾವು ಬಿಟ್ಟುಕೊಟ್ಟಿಲ್ಲ. ಇಲ್ಲಿ ಕೇಳುತ್ತಿರುವುದು ಅದಕ್ಕಿಂತ ಸಣ್ಣದು, ಸರ್ಕಾರ ಅದಕ್ಕೆ ಹೊಸದಾಗಿ ಒಂದು ರೂಪಾಯಿಯನ್ನೂ ಎತ್ತಿಡಬೇಕಿಲ್ಲ. ಕೊಡುತ್ತೇವೆ ಎಂದು ಒಪ್ಪಿದ ಹಣವನ್ನು ಒಂದು ತಾರೀಖಿಗೆ ಕೊಡಿ. ಅಷ್ಟೇ.

ಮೊದಲು ಹಣ ಎಷ್ಟು ಎಂಬುದು. 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಳವಾದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000, ಪ್ರೌಢಶಾಲೆಯವರಿಗೆ 12,500. ಅದಕ್ಕೂ ಮೊದಲು 10,000 ಮತ್ತು 10,500 ಇತ್ತು. ಹೆಚ್ಚಿಸಿದ್ದಕ್ಕೆ ಕೃತಜ್ಞತೆ ಇದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆದರೆ ಈ ಹಣ ವರ್ಷವಿಡೀ ಬರುವುದಲ್ಲ. ಶಾಲೆ ತೆರೆದ ಮೇಲೆ ನೇಮಕ, ಶೈಕ್ಷಣಿಕ ವರ್ಷ ಮುಗಿದರೆ ಬಿಡುಗಡೆ. ಹತ್ತು ತಿಂಗಳು ಪೂರ್ತಿ ಸಿಕ್ಕಿತು ಎಂದರೂ 1,20,000. ಹನ್ನೆರಡು ತಿಂಗಳಿಗೆ ಹಂಚಿದರೆ ಕೈಗೆ ಹತ್ತು ಸಾವಿರ. ತಿಂಗಳಿಗೆ 26 ದಿನ ಕೆಲಸ ಎಂದು ಹಿಡಿದರೆ 12,000ಕ್ಕೆ ದಿನಗೂಲಿ 461 ರೂಪಾಯಿ ಬೀಳುತ್ತದೆ. ಅದೇ 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ 370. ಡಿ.ಎಡ್, ಬಿ.ಎಡ್, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಎಲ್ಲದರ ಬೆಲೆ ದಿನಕ್ಕೆ 91 ರೂಪಾಯಿ ಎಂದಾಯಿತು. ರಾಜ್ಯದ 7ನೇ ವೇತನ ಆಯೋಗದ ನಂತರ, 2024ರ ಆಗಸ್ಟ್ 1ರಿಂದ, ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿದೆ. ಶಾಲೆಯ ಬಾಗಿಲು ತೆಗೆಯುವ ಡಿ ಗುಂಪಿನ ನೌಕರರಿಗೂ ಅದು ಅನ್ವಯ. ಅವರಿಗೆ ಸಿಗುವುದು ಹೆಚ್ಚಾಯಿತು ಎಂದು ನಾವು ಹೇಳುತ್ತಿಲ್ಲ. ಒಂದೇ ಗಂಟೆಗೆ ಒಳಗೆ ಬಂದು ಒಂದೇ ಗಂಟೆಗೆ ಹೊರಗೆ ಹೋಗುವವರ ನಡುವೆ ಎಷ್ಟು ಅಂತರ ಇದೆ ಎಂಬುದು ಗೊತ್ತಿರಲಿ ಎಂದು ಬರೆದೆವು.

ಇಷ್ಟು ಕಡಿಮೆ ಹಣ ತಡವಾಗಿ ಬಂದರೆ ಇನ್ನೂ ಕಡಿಮೆಯಾಗುತ್ತದೆ. ಕಾಯಂ ನೌಕರರ ವೇತನ ಒಂದು ತಿಂಗಳು ತಡವಾದರೆ ಬ್ಯಾಂಕು, ಸೊಸೈಟಿ ಕೈ ಹಿಡಿಯುತ್ತವೆ, ಪಗಾರ ಚೀಟಿ ತೋರಿಸಿದರೆ ಸಾಕು. ಅತಿಥಿ ಶಿಕ್ಷಕರ ಬಳಿ ಆ ಚೀಟಿ ಇಲ್ಲ. ಅವರಿಗಿರುವುದು ಊರಿನ ಕೈಗಡ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದು ಹಿಡಿಯಿರಿ. ಮನೆ ಖರ್ಚಿಗೆ ತಿಂಗಳಿಗೆ 8,000ದಂತೆ ಐದು ತಿಂಗಳು ಸಾಲ ತಂದು, ಐದನೇ ತಿಂಗಳ ಕೊನೆಗೆ ಒಟ್ಟಿಗೆ ತೀರಿಸಿದರೆ ಮೊದಲ ಸಾಲಕ್ಕೆ ಐದು ತಿಂಗಳ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ ಒಟ್ಟು 15 ತಿಂಗಳ ಬಡ್ಡಿ: 240 ಗುಣಿಲೆ 15, ಅಂದರೆ 3,600 ರೂಪಾಯಿ. ಒಂದು ತಿಂಗಳ ಗೌರವಧನದಲ್ಲಿ ನೂರಕ್ಕೆ ಮೂವತ್ತು ಪಾಲು. ಬಜೆಟ್‌ನಲ್ಲಿ ಕೊಟ್ಟ ಹೆಚ್ಚಳದ ಸುಮಾರು ಎರಡು ತಿಂಗಳ ಪಾಲನ್ನು ತಡವೇ ತಿಂದು ಹಾಕಿತು. ಕಿರಾಣಿ ಅಂಗಡಿಯ ಉದ್ರಿಯಲ್ಲಿ ಬಡ್ಡಿ ಕಾಣಿಸುವುದಿಲ್ಲ, ಆದರೆ ಉದ್ರಿ ಗಿರಾಕಿಗೆ ತೊಗರಿಬೇಳೆಯ ದರ ಬೇರೆಯೇ ಇರುತ್ತದೆ. ತೊಗರಿ ಬೆಳೆಯುವ ಜಿಲ್ಲೆಯಲ್ಲೂ.

ಈಗ ಬಿಲ್ ನಡೆದು ಹೋಗುವ ದಾರಿಗೆ ಬರೋಣ. ತಿಂಗಳ ಕೊನೆಗೆ ಮುಖ್ಯಗುರುಗಳು ಹಾಜರಾತಿ ದೃಢೀಕರಣ ಬರೆದುಕೊಡುತ್ತಾರೆ. ಅದು ಸಿಆರ್‌ಪಿ ಮೂಲಕ ಬ್ಲಾಕ್ ಕಚೇರಿಗೆ ಹೋಗುತ್ತದೆ. ಅಲ್ಲಿ ಎಲ್ಲ ಶಾಲೆಗಳ ಪಟ್ಟಿ ಸೇರಿಸಿ, ಹಣ ಸೆಳೆಯುವ ಮತ್ತು ಬಟವಾಡೆ ಅಧಿಕಾರಿಯ ಸಹಿಯೊಂದಿಗೆ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ ಏರಿಸುತ್ತಾರೆ. ಆ ಲೆಕ್ಕ ಶೀರ್ಷಿಕೆಯಲ್ಲಿ ಹಣ ಇದ್ದರೆ ಪಾಸಾಗಿ ಖಾತೆಗೆ ಜಮೆ. ನೋಡಲು ನಾಲ್ಕೇ ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಒಂದೊಂದು ಕಡೆ ಕಾಲು ಜಾರುತ್ತದೆ.

ಮೊದಲನೆಯದು ಕ್ಲಸ್ಟರ್‌ನಲ್ಲಿ. ಒಂದು ಕ್ಲಸ್ಟರ್‌ನ ಹತ್ತು ಹನ್ನೆರಡು ಶಾಲೆಗಳಲ್ಲಿ ಒಂದು ಶಾಲೆಯ ದೃಢೀಕರಣ ಬರದಿದ್ದರೆ ಉಳಿದವರ ಕಾಗದವೂ ಅದರ ದಾರಿ ಕಾಯುತ್ತ ಕೂರುತ್ತದೆ. "ಎಲ್ಲರದೂ ಕೂಡಿಸಿ ಕೊಡ್ರಿ" ಎಂಬುದು ಕಚೇರಿಯ ವಾಡಿಕೆ. ಒಂದು ಕ್ಲಸ್ಟರ್ ತಡವಾದರೆ ಬ್ಲಾಕ್‌ನ ಬಿಲ್ ತಡ. ಹೀಗೆ ಎಲ್ಲೋ ತಾಂಡಾ ಶಾಲೆಯ ಪ್ರಭಾರಿ ಮುಖ್ಯಗುರು ರಜೆ ಮೇಲೆ ಹೋದದ್ದು ಇಡೀ ತಾಲ್ಲೂಕಿನ ಅತಿಥಿ ಶಿಕ್ಷಕರ ತಿಂಗಳ ಸಂತೆಯನ್ನು ನಿಲ್ಲಿಸಬಲ್ಲದು. ಇದಕ್ಕೆ ಆದೇಶ, ಅನುದಾನ ಯಾವುದೂ ಬೇಡ. 25ನೇ ತಾರೀಖಿಗೆ ಬಂದಷ್ಟನ್ನು ಬಿಲ್ ಮಾಡಿ, ಬರದವರದನ್ನು ಮುಂದಿನ ಬಿಲ್‌ಗೆ ಹಾಕಿ. ಉಳಿದ ಐದಾರು ದಿನದ ಹಾಜರಿಯನ್ನು ಅಂದಾಜಿಗೆ ಹಿಡಿದು, ಗೈರಾದರೆ ಮುಂದಿನ ತಿಂಗಳಲ್ಲಿ ಕಡಿತ ಮಾಡಿ. ಕಾಯಂ ನೌಕರರ ವೇತನ ಬಿಲ್ ತಿಂಗಳು ಮುಗಿಯುವ ಮೊದಲೇ ತಯಾರಾಗುವುದು ಹೀಗೆಯೇ ಅಲ್ಲವೇ?

ಎರಡನೆಯದು ಅನುದಾನ. ಹಣ ಕಂತಿನಲ್ಲಿ ಬರುತ್ತದೆ, ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ಏಳುವುದಿಲ್ಲ. ಪ್ರಮಾಣಪತ್ರ ತಡವಾಗುವುದು ಅಕ್ರಮದಿಂದಲೇ ಎಂದೇನಿಲ್ಲ. ಎಷ್ಟೋ ಸಲ ನಾಲ್ಕೈದು ಖಾತೆಗಳಿಗೆ ಜಮೆಯಾಗದೆ ವಾಪಸ್ ಬಂದ ಹಣದ ಲೆಕ್ಕ ಕೂಡದೆ ಹಾಗೆ ಆಗುತ್ತದೆ. ನಾಲ್ಕೈದು ಜನರ ಖಾತೆ ದೋಷಕ್ಕೆ ನೂರಾರು ಜನರ ಮುಂದಿನ ಕಂತು ನಿಲ್ಲುತ್ತದೆ. ಇನ್ನು ಮಾರ್ಚ್ 31ಕ್ಕೆ ಖರ್ಚಾಗದ ಹಣ ಲ್ಯಾಪ್ಸ್ ಆಗುವುದು ಎಲ್ಲರಿಗೂ ಗೊತ್ತು. ಫೆಬ್ರವರಿ, ಮಾರ್ಚ್ ತಿಂಗಳ ಗೌರವಧನ ಒಮ್ಮೆ ಆ ಗೆರೆ ದಾಟಿದರೆ ಹೊಸ ವರ್ಷದ ಅನುದಾನದಲ್ಲಿ ಹಳೆ ಬಾಕಿ ಎಂದು ಮತ್ತೆ ಬೇಡಿಕೆ ಹೋಗಬೇಕು. ಅಷ್ಟರಲ್ಲಿ ಆ ಶಿಕ್ಷಕರು ಆ ಶಾಲೆಯಲ್ಲೇ ಇರುವುದಿಲ್ಲ. ಕೇಳುವವರು ಇಲ್ಲದ ಬಾಕಿ ಎಲ್ಲಕ್ಕಿಂತ ಕೆಳಗೆ ಹೋಗಿ ಕೂರುತ್ತದೆ.

ಕಲ್ಯಾಣ ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಸುತ್ತು. ಇಲಾಖೆಯ ಹಣದಲ್ಲಿ ತೆಗೆದುಕೊಂಡವರು ಒಂದು ಕಡೆ, ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ತೆಗೆದುಕೊಂಡವರು ಇನ್ನೊಂದು ಕಡೆ. ಒಂದೇ ಶಾಲೆ, ಒಂದೇ ಸ್ಟಾಫ್ ರೂಮು, ಒಬ್ಬರ ಫೋನಿಗೆ ಮೆಸೇಜು ಬಂದಿರುತ್ತದೆ, ಮತ್ತೊಬ್ಬರ ಫೋನು ಸುಮ್ಮನಿರುತ್ತದೆ. ಮಂಡಳಿ ಶಿಕ್ಷಣಕ್ಕೆ ಹಣ ಕೊಟ್ಟಿದ್ದು ಒಳ್ಳೆಯ ಕೆಲಸ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಯಾರು ಯಾವ ಲೆಕ್ಕ ಶೀರ್ಷಿಕೆಗೆ ಸೇರಿದ್ದಾರೆ ಎಂಬುದನ್ನು ನೇಮಕದ ದಿನವೇ ಬರೆದು ಕೊಟ್ಟರೆ, ಸಂಬಂಧವಿಲ್ಲದ ಕಚೇರಿಗೆ ಅಲೆಯುವುದಾದರೂ ತಪ್ಪೀತು.

ಮೂರನೆಯದು ಬ್ಯಾಂಕ್ ಖಾತೆ. ಇಲ್ಲಿ ಸ್ವಲ್ಪ ನಿಂತು ಬರೆಯುತ್ತೇವೆ, ಏಕೆಂದರೆ ಇದರಲ್ಲಿ ನಮ್ಮವರ ತಪ್ಪೂ ಇದೆ, ಮತ್ತು ತಿದ್ದುವುದು ಸುಲಭ. ಈ ಮೂರೂ ಜಿಲ್ಲೆಗಳಲ್ಲಿ ಹಳೆಯ ಖಾತೆಗಳು ಹೆಚ್ಚಾಗಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್‌ನವು. 2017ರ ಏಪ್ರಿಲ್ 1ಕ್ಕೆ ಅದು ಎಸ್‌ಬಿಐನಲ್ಲಿ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಮತ್ತು ಆಂಧ್ರ ಬ್ಯಾಂಕುಗಳು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಿನ ಹೆಸರು 2019ರಲ್ಲಿ ಒಮ್ಮೆ ಬದಲಾಯಿತು, 2025ರಲ್ಲಿ ಮತ್ತೊಂದು ವಿಲೀನ. ಪಾಸ್‌ಬುಕ್ಕಿನ ಮೊದಲ ಪುಟ ಮಾತ್ರ ಅಂದಿನದೇ. ಅದರ ಝೆರಾಕ್ಸ್ ಕೊಟ್ಟವರ ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯ ಗುರುತು ಸಂಖ್ಯೆ ಹಳೆಯದು, ಕಚೇರಿಯವರು ಅದನ್ನೇ ಟೈಪ್ ಮಾಡುತ್ತಾರೆ, ಹಣ ವಾಪಸ್.

ಹೆಸರಿನ ಗೋಳು ಬೇರೆ. ಆಧಾರ್‌ನಲ್ಲಿ ತಂದೆಯ ಹೆಸರು ಸೇರಿ ಉದ್ದ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್, ಅಂಕಪಟ್ಟಿಯಲ್ಲಿ ಮನೆತನದ ಹೆಸರು, ಮದುವೆಯಾದ ಶಿಕ್ಷಕಿಯರಿಗೆ ನಾಲ್ಕನೆಯದೊಂದು. ಖಜಾನೆ-2ರಲ್ಲಿ ಸ್ವೀಕೃತಿದಾರರಾಗಿ ನೋಂದಾಯಿಸುವಾಗ ಇವು ಕೂಡದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನಿಂತಿದೆ ಎಂದು ಶಿಕ್ಷಕರಿಗೆ ಯಾರೂ ಹೇಳುವುದಿಲ್ಲ, ಹೇಳಬೇಕೆಂಬ ನಿಯಮವೂ ಯಾರ ಮೇಜಿನ ಮೇಲೂ ಇಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಗುರುತು, ವಿಳಾಸದ ಪೂರ್ಣ ದಾಖಲೆ (ಕೆವೈಸಿ) ಇಲ್ಲದೆ ತೆರೆದ 'ಸಣ್ಣ ಖಾತೆ'ಗಳಲ್ಲಿ ಒಂದು ಸಲಕ್ಕೆ 50,000ಕ್ಕಿಂತ ಹೆಚ್ಚು ಹಣ ಇರುವಂತಿಲ್ಲ, ವರ್ಷಕ್ಕೆ ಒಟ್ಟು ಜಮೆ ಒಂದು ಲಕ್ಷ ದಾಟುವಂತಿಲ್ಲ. ತಿಂಗಳಿಗೆ 12,000 ಬಂದು ಖರ್ಚಾಗುತ್ತ ಹೋದರೆ 50,000ದ ಮಿತಿ ಎಂದೂ ಅಡ್ಡ ಬರುವುದಿಲ್ಲ. ಐದು ತಿಂಗಳು ಕಟ್ಟಿಟ್ಟು ಒಮ್ಮೆಗೇ 60,000 ಕಳಿಸಿದರೆ ಖಾತೆ ಅದನ್ನು ಒಳಗೆ ಬಿಡುವುದಿಲ್ಲ. ಅಂದರೆ ತಡವಾದ ಹಣ, ತಡವಾದ ಕಾರಣಕ್ಕೇ ಮತ್ತೂ ತಡ! ಇನ್ನು ಹತ್ತು ತಿಂಗಳ ಒಟ್ಟು ಮೊತ್ತ ವರ್ಷದ ಒಂದು ಲಕ್ಷದ ಮಿತಿಯನ್ನು ಹೇಗೂ ದಾಟುತ್ತದೆ. ಸಣ್ಣ ಖಾತೆ ಇರುವ ಅತಿಥಿ ಶಿಕ್ಷಕರು ಜೂನ್‌ನಲ್ಲೇ ಶಾಖೆಗೆ ಹೋಗಿ, ಆಧಾರ್ ಮತ್ತು ಪಾನ್ ಕೊಟ್ಟು ಅದನ್ನು ಪೂರ್ಣ ಉಳಿತಾಯ ಖಾತೆ ಮಾಡಿಸಿಕೊಳ್ಳಬೇಕು. ಎರಡು ವರ್ಷಕ್ಕಿಂತ ಹೆಚ್ಚು ಮುಟ್ಟದ ಖಾತೆಯಾದರೆ ಶಾಖೆಗೆ ಕೆವೈಸಿ ದಾಖಲೆ ಕೊಟ್ಟು ಚಾಲ್ತಿಗೆ ತರಬೇಕು. ಕಚೇರಿಯವರಿಗೆ ನಮ್ಮ ಕೋರಿಕೆ ಇಷ್ಟೇ: ನೇಮಕವಾದ ಮೊದಲ ವಾರದಲ್ಲಿ ಪ್ರತಿ ಖಾತೆಗೆ ಒಂದು ರೂಪಾಯಿ ಕಳಿಸಿ ನೋಡುವ ಏರ್ಪಾಡು ಆಗದಿದ್ದರೆ, ಕನಿಷ್ಠ ಖಾತೆ ವಿವರದ ಪಟ್ಟಿ ಮುದ್ರಿಸಿ ಪ್ರತಿಯೊಬ್ಬರಿಂದ 'ಸರಿ ಇದೆ' ಎಂದು ಸಹಿ ತೆಗೆದುಕೊಳ್ಳಿ. ಒಂದು ಅಂಕಿ ತಪ್ಪಿದ್ದು ಅಕ್ಟೋಬರ್‌ನಲ್ಲಿ ಗೊತ್ತಾಗುವ ಬದಲು ಜೂನ್‌ನಲ್ಲೇ ಗೊತ್ತಾಗಲಿ.

ನಾಲ್ಕನೆಯದು ಸೇರಿದ ತಾರೀಖು. ಶಾಲೆ ಮೇ ಕೊನೆಯ ವಾರ ತೆರೆಯುತ್ತದೆ. ಮಕ್ಕಳು ಬರುತ್ತಾರೆ, ಗುರುಗಳಿಲ್ಲ. ಮುಖ್ಯಗುರುಗಳು ಕಳೆದ ವರ್ಷದವರಿಗೇ ಫೋನ್ ಹಚ್ಚಿ "ಬರ್ರಿ, ಆದೇಶ ಆಮೇಲೆ ಆಗ್ತದ" ಎನ್ನುತ್ತಾರೆ. ಬಂದವರು ಪಾಠ ಶುರು ಮಾಡುತ್ತಾರೆ. ಅನುಮೋದನೆಯ ಕಾಗದಕ್ಕೆ ಬೀಳುವ ತಾರೀಖು ಎರಡು ಮೂರು ವಾರದ ನಂತರದ್ದು, ಗೌರವಧನ ಎಣಿಸುವುದು ಆ ತಾರೀಖಿನಿಂದ. ನಡುವಿನ ದಿನಗಳು ಯಾರ ಲೆಕ್ಕ? ಮುಖ್ಯಗುರುಗಳಿಗೆ ನಾವು ನೇರವಾಗಿ ಹೇಳುವುದು: ಅನುಮೋದನೆ ಇಲ್ಲದೆ ಕರೆಯಬೇಡಿ, ಕರೆದರೆ ಅಂದೇ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿಸಿ, ಆ ದಿನದ ತಾರೀಖು ಹಾಕಿ ಪ್ರಸ್ತಾವನೆ ಕಳಿಸಿ. ಮೇಲಿನವರಿಗೆ ಹೇಳುವುದು: ವಿಷಯವಾರು ಖಾಲಿ ಹುದ್ದೆಯ ಪಟ್ಟಿ ಏಪ್ರಿಲ್‌ನಲ್ಲೇ ನಿಮ್ಮ ಬಳಿ ಇರುತ್ತದೆ. ನೇಮಕದ ಅನುಮತಿ ಮೇ 20ರೊಳಗೆ ಬಂದರೆ ಶಾಲೆ ತೆರೆಯುವ ದಿನವೇ ಶಿಕ್ಷಕರು ಒಳಗಿರುತ್ತಾರೆ.

ಹಾಜರಿ ಪುಸ್ತಕದ ಮಾತು ಬಂತು. ಎಷ್ಟೋ ಶಾಲೆಗಳಲ್ಲಿ ಕಾಯಂ ಶಿಕ್ಷಕರ ಹೆಸರುಗಳು ಮುಗಿದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಎಳೆದಿರುತ್ತಾರೆ. ಅತಿಥಿ ಶಿಕ್ಷಕರ ಹೆಸರು ಆ ಗೆರೆಯ ಕೆಳಗೆ. ಕೆಲವು ಕಡೆ ಅದೂ ಇಲ್ಲ, ನೂರು ಪುಟದ ನೋಟ್‌ಬುಕ್ಕಿನಲ್ಲಿ ಬೇರೆ ಸಹಿ. ಗೆರೆಯ ಬಗ್ಗೆ ನಮಗೆ ಬೇಸರವಿಲ್ಲ, ನೋಟ್‌ಬುಕ್ಕಿನ ಬಗ್ಗೆ ಇದೆ. ಶಾಲೆಯ ಅಧಿಕೃತ ಪುಸ್ತಕ ವರ್ಷಗಟ್ಟಲೆ ಬೀರುವಿನಲ್ಲಿ ಇರುತ್ತದೆ, ನೋಟ್‌ಬುಕ್ಕು ಮುಂದಿನ ಮಳೆಗಾಲದ ಹೊತ್ತಿಗೆ ಇರುವುದಿಲ್ಲ. ಐದು ವರ್ಷ ಪಾಠ ಮಾಡಿದ್ದಕ್ಕೆ ಸಾಕ್ಷಿ ಅದೊಂದೇ ಆಗಿದ್ದರೆ, ಪಾಠ ಮಾಡಿಯೇ ಇಲ್ಲ ಎಂದಾಯಿತು.

ಎಸ್‌ಡಿಎಂಸಿ ಅಧ್ಯಕ್ಷರಿಗೂ ಒಂದು ಮಾತು. ಅರ್ಜಿ ಹಾಕಿದವರೆಷ್ಟು, ಯಾರ ಅಂಕ ಎಷ್ಟು, ಯಾರನ್ನು ಯಾಕೆ ಆರಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಿ. ಊರಿನವರು, ಬೇಕಾದವರು, ಅಳಿಯಂದಿರು ಎಂಬ ಮಾತು ಏಳುವುದು ಆ ಹಾಳೆ ಇಲ್ಲದ ಕಡೆ. ಗಡಿಭಾಗದ ಶಾಲೆಗಳಲ್ಲಿ ಇದು ಇನ್ನೂ ಮುಖ್ಯ. ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ ಮಾಧ್ಯಮ, ಮೂರೂ ಜಿಲ್ಲೆಗಳಲ್ಲಿ ಉರ್ದು ಮಾಧ್ಯಮ. ಆ ಮಾಧ್ಯಮದಲ್ಲಿ ಗಣಿತ ಹೇಳುವ ಒಬ್ಬರೇ ಒಬ್ಬರು ಅರ್ಜಿ ಹಾಕಿರುತ್ತಾರೆ. ಅಂಥವರನ್ನು ಬಿಟ್ಟು ಸಮಾಜ ವಿಜ್ಞಾನದವರನ್ನು ತೆಗೆದುಕೊಂಡು ಗಣಿತ ಕೊಟ್ಟರೆ ಸೋಲುವುದು ಮಕ್ಕಳು.

ಆದೇಶದ ಪ್ರತಿಯ ಕಥೆಯೂ ಅಷ್ಟೇ. ಅನುಮೋದನೆ ಶಾಲೆಯ ಹೆಸರಿಗೆ ಬರುತ್ತದೆ, ಫೈಲಿಗೆ ಸೇರುತ್ತದೆ. ಶಿಕ್ಷಕರ ಕೈಗೆ ಒಂದು ಪ್ರತಿಯೂ ಸಿಗುವುದಿಲ್ಲ. ಆದೇಶವೇ ಕೈಯಲ್ಲಿ ಇಲ್ಲದವರಿಗೆ ರಜೆ ಎಷ್ಟು, ದಸರಾ ರಜೆಯ ದಿನಗಳು ಲೆಕ್ಕಕ್ಕೆ ಬರುತ್ತವೆಯೇ, ಹೆರಿಗೆಗೆ ಹೋದರೆ ಜಾಗ ಉಳಿಯುತ್ತದೆಯೇ ಎಂಬುದೆಲ್ಲ ಬಾಯಿಮಾತು. ಒಂದು ಶಾಲೆಯಲ್ಲಿ ತಿಂಗಳಿಗೊಂದು ರಜೆ, ಪಕ್ಕದ ಶಾಲೆಯಲ್ಲಿ ಜ್ವರ ಬಂದರೂ ಕಡಿತ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಕಾಯಂ ಶಿಕ್ಷಕರು ಹೋದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಆ ಹೆಚ್ಚುವರಿ ದಿನಗಳು ಅತಿಥಿ ಶಿಕ್ಷಕರಿಗೆ ದುಡಿಮೆಯ ದಿನವೋ ಅಲ್ಲವೋ ಎಂದು ತಿಳಿಯಬೇಕಾದರೆ ಕೈಯಲ್ಲಿ ಆದೇಶ ಇರಬೇಕು. ವರ್ಗಾವಣೆಯಲ್ಲಿ ಕಾಯಂ ಶಿಕ್ಷಕರು ಬಂದರೆ ಅತಿಥಿ ಶಿಕ್ಷಕರು ಅಂದೇ ಎದ್ದು ಹೋಗಬೇಕು ಎಂಬ ಷರತ್ತನ್ನು ನಾವು ಒಪ್ಪಿಯೇ ಬಂದಿದ್ದೇವೆ. ತಿಂಗಳ ನಡುವೆ ಹೀಗೆ ಎದ್ದವರ 11 ದಿನ, 17 ದಿನದ ಹಣ ಮಾತ್ರ ಎಷ್ಟೋ ಸಲ ಬಿಲ್‌ಗೆ ಏರುವುದೇ ಇಲ್ಲ. ಬಿಡುಗಡೆಯ ದಿನವೇ ಅಷ್ಟು ದಿನದ ದೃಢೀಕರಣ ಬರೆದು, ಒಂದು ಪ್ರತಿ ಅವರ ಕೈಗೂ ಕೊಡುವುದು ಮುಖ್ಯಗುರುಗಳಿಗೆ ಹತ್ತು ನಿಮಿಷದ ಕೆಲಸ.

ಇಷ್ಟೆಲ್ಲ ಇದ್ದರೂ ಬೇರೆ ಕೆಲಸ ಯಾಕೆ ನೋಡಿಕೊಳ್ಳುವುದಿಲ್ಲ ಎಂದು ಕೇಳುವವರಿದ್ದಾರೆ. ನೋಡುತ್ತಲೇ ಇದ್ದೇವೆ. ಖಾಸಗಿ ಶಾಲೆಗಳಲ್ಲಿ ಇದಕ್ಕಿಂತ ಕಡಿಮೆಗೆ ದುಡಿಸುವವರು ಉಂಟು, ಪುಸ್ತಕದಲ್ಲಿ ಒಂದು ಮೊತ್ತಕ್ಕೆ ಸಹಿ, ಕೈಗೆ ಇನ್ನೊಂದು. ಇಪ್ಪತ್ತು ಜನ ಸಿಬ್ಬಂದಿ ಇದ್ದರೆ ಭವಿಷ್ಯ ನಿಧಿ ಕಟ್ಟಬೇಕು, ಅದಕ್ಕಾಗಿ ರಿಜಿಸ್ಟರ್‌ನಲ್ಲಿ ಹತ್ತೊಂಬತ್ತೇ ಹೆಸರು. ಶಿಕ್ಷಕರು ಕಾರ್ಮಿಕರ ವ್ಯಾಖ್ಯೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದ್ದರಿಂದ ಕಾರ್ಮಿಕ ನ್ಯಾಯಾಲಯದ ಬಾಗಿಲೂ ಸುಲಭಕ್ಕೆ ತೆರೆಯುವುದಿಲ್ಲ. ಗ್ರಾಚ್ಯುಟಿಯ ಹಕ್ಕು ಖಾಸಗಿ ಶಾಲಾ ಶಿಕ್ಷಕರಿಗೆ ಗಟ್ಟಿಯಾದದ್ದು 2022ರ ತೀರ್ಪಿನಿಂದ. ಅದು ಬೇರೆಯೇ ಪತ್ರಕ್ಕೆ ಬೇಕಾಗುವಷ್ಟು ದೊಡ್ಡ ವಿಷಯ, ಇಲ್ಲಿಗೆ ಬಿಡುತ್ತೇವೆ.

ಸರ್ಕಾರಿ ನೇಮಕಾತಿಯ ದಾರಿ ಉದ್ದವಿದೆ. ಟಿಇಟಿಯಲ್ಲಿ 150ಕ್ಕೆ ಸಾಮಾನ್ಯ ವರ್ಗದವರು 90 ತೆಗೆಯಬೇಕು, ಅದು ಮೊದಲ ಬಾಗಿಲು ಮಾತ್ರ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಕರೆದಾಗ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ ಮೀಸಲಿತ್ತು. ಆಯ್ಕೆ ಪಟ್ಟಿ ಕೋರ್ಟಿನಲ್ಲಿ ತೂಗಾಡಿ ಆದೇಶ ಕೈಸೇರುವ ಹೊತ್ತಿಗೆ 2023ರ ಕೊನೆ. ಆಮೇಲೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರ್‌ನಲ್ಲಿ ಸಂಪುಟ ನಿರ್ಧರಿಸಿತು. ಆ ತೀರ್ಮಾನ ಬಂದದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ನ್ಯಾಯವಾದದ್ದೇ. ಕಾದವರ ವಯಸ್ಸು ಮಾತ್ರ ಕಾಯಲಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಇದೆ, ಇಲ್ಲಿನ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ನಮ್ಮವರಿಗೆ. ಅದು ಹುದ್ದೆ ತುಂಬುವಾಗ ಕೆಲಸಕ್ಕೆ ಬರುವ ಕಾನೂನು, ತುಂಬದೇ ಇದ್ದರೆ ಸಹಾಯಕ ಆಯುಕ್ತರ ಕಚೇರಿಯಿಂದ ತಂದ ಅರ್ಹತಾ ಪ್ರಮಾಣಪತ್ರ ಪ್ಲಾಸ್ಟಿಕ್ ಕವರಿನಲ್ಲೇ ಉಳಿಯುತ್ತದೆ.

ಅತಿಥಿ ಸೇವೆಗೆ ಕೃಪಾಂಕ ಕೊಡಿ ಎಂದು ಸಂಘಟನೆಗಳು ಕೇಳುತ್ತ ಬಂದಿವೆ. ನಾಳೆಯೇ ಸರ್ಕಾರ ಒಪ್ಪಿತು ಎನ್ನಿ, ಈ ಭಾಗದ ಎಷ್ಟು ಜನ ತಮ್ಮ ಸೇವೆಯನ್ನು ಕಾಗದದಲ್ಲಿ ತೋರಿಸಬಲ್ಲರು? ಈಗ ಸಿಗುವ ಪ್ರಮಾಣಪತ್ರ ಹೆಚ್ಚಾಗಿ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು: 'ಇವರು ನಮ್ಮ ಶಾಲೆಯಲ್ಲಿ ಅತಿಥಿ ಶಿಕ್ಷಕರಾಗಿ ಉತ್ತಮ ಸೇವೆ ಸಲ್ಲಿಸಿರುತ್ತಾರೆ.' ಉತ್ತಮ ಎಂಬ ಪದದಿಂದ ಏನೂ ಆಗುವುದಿಲ್ಲ. ಬೇಕಾದದ್ದು ಶಾಲೆಯ ಗುರುತು ಸಂಖ್ಯೆ (ಯುಡೈಸ್), ಸೇರಿದ ಮತ್ತು ಬಿಡುಗಡೆಯಾದ ತಾರೀಖು, ಕಲಿಸಿದ ವಿಷಯ ಮತ್ತು ತರಗತಿ, ಅನುಮೋದನೆಯ ಆದೇಶ ಸಂಖ್ಯೆ, ಗೌರವಧನ ಪಾವತಿಯಾದ ತಿಂಗಳುಗಳು, ಕೆಳಗೆ ಬ್ಲಾಕ್ ಕಚೇರಿಯ ಮೇಲು ಸಹಿ. ಮೇಲು ಸಹಿಯನ್ನು ಆ ವರ್ಷವೇ ಮಾಡಿಕೊಡಬೇಕು. ಮುಖ್ಯಗುರುಗಳು ನಿವೃತ್ತರಾದ ಮೇಲೆ, ಬಿಇಒ ಬದಲಾದ ಮೇಲೆ, ಆರು ವರ್ಷದ ಹಿಂದಿನ ಹಾಜರಿಗೆ ಸಹಿ ಹಾಕಲು ಯಾರೂ ಧೈರ್ಯ ಮಾಡುವುದಿಲ್ಲ. ಮಾಡಲೂಬಾರದು.

ಇದೆಲ್ಲ ಬರೀ ಶಿಕ್ಷಕರ ಹೊಟ್ಟೆಪಾಡಿನ ವಿಷಯವಾಗಿದ್ದರೆ ಇಷ್ಟು ಜನರಿಗೆ ಬರೆಯುತ್ತಿರಲಿಲ್ಲ. ಒಂದನೇ ತರಗತಿಯಿಂದ ಮೂರನೇ ತರಗತಿಯ ನಲಿಕಲಿ ಕೋಣೆಯನ್ನು ನೋಡಿ. ಮೂರು ತರಗತಿಯ ಮಕ್ಕಳು ಒಟ್ಟಿಗೆ, ಬೇರೆ ಬೇರೆ ತಟ್ಟೆಗಳಲ್ಲಿ, ಅಂದರೆ ಕಲಿಕೆಯ ಗುಂಪುಗಳಲ್ಲಿ. ಶಿಕ್ಷಕರ ಬೆಂಬಲದ ತಟ್ಟೆಯಲ್ಲಿ ಕುಳಿತ ಮಗು ಹೊಸ ಅಕ್ಷರ ಕಲಿಯುತ್ತದೆ, ಸ್ವಕಲಿಕೆಯ ತಟ್ಟೆಯಲ್ಲಿರುವುದು ತಾನೇ ಬರೆಯುತ್ತದೆ. ಯಾವ ಮಗು ಯಾವ ಮೈಲುಗಲ್ಲಿನ ಯಾವ ಕಾರ್ಡಿನಲ್ಲಿದೆ ಎಂಬುದು ಗೋಡೆಯ ಪ್ರಗತಿನೋಟದಲ್ಲಿ ಸ್ವಲ್ಪ, ಶಿಕ್ಷಕರ ತಲೆಯಲ್ಲಿ ಬಹಳಷ್ಟು. ಅಂಥ ಶಿಕ್ಷಕರನ್ನು ಏಪ್ರಿಲ್‌ನಲ್ಲಿ ಕಳಿಸಿ ಜೂನ್ ಕೊನೆಗೆ ಬೇರೊಬ್ಬರನ್ನು ತಂದರೆ, ಹೊಸಬರು ಕಾರ್ಡುಗಳ ರಾಶಿಯ ಮುಂದೆ ಕೂತು ಮೊದಲ ತಿಂಗಳು ಮಕ್ಕಳನ್ನು ಮತ್ತೆ ಮೊದಲಿನ ಮೆಟ್ಟಿಲಿಗೆ ತಂದು ನಿಲ್ಲಿಸುತ್ತಾರೆ. ಅವರಿಗೆ ನಲಿಕಲಿಯ ತರಬೇತಿಯೂ ಆಗಿರುವುದಿಲ್ಲ, ತರಬೇತಿಯ ಪಟ್ಟಿಯಲ್ಲಿ ಅತಿಥಿಗಳ ಹೆಸರು ಬರುವುದು ಅಪರೂಪ.

ಮೇಲಿನ ತರಗತಿಗಳಲ್ಲೂ ಬೇರೆಯೇನಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ 6ರಿಂದ 8ಕ್ಕೆ ಗಣಿತ-ವಿಜ್ಞಾನ, ಸಮಾಜ, ಭಾಷೆ ಈ ಮೂರಕ್ಕೂ ಕನಿಷ್ಠ ಒಬ್ಬೊಬ್ಬರು ಇರಲಿ ಎನ್ನುತ್ತದೆ. 26ನೇ ಕಲಮು ಮಂಜೂರಾದ ಹುದ್ದೆಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಬಿಡಬೇಡಿ ಎನ್ನುತ್ತದೆ. ಆ ಖಾಲಿಯನ್ನು ನಮ್ಮಿಂದ ತುಂಬಿಸುತ್ತಾರೆ. ನಾವು ಬಂದು ಹೋಗುವುದರ ನಡುವೆ ಎಂಟನೇ ತರಗತಿಯ ಬೀಜಗಣಿತ ಬಿಟ್ಟುಹೋದ ಮಕ್ಕಳು ಎರಡು ವರ್ಷದ ಮೇಲೆ ಎಸ್ಸೆಸ್ಸೆಲ್ಸಿಗೆ ಕೂರುತ್ತಾರೆ. 2024ರಲ್ಲಿ ಯಾದಗಿರಿ ಶೇ. 50.59ರೊಂದಿಗೆ ರಾಜ್ಯದ ಕೊನೆಯ ಸ್ಥಾನ, 2025ರಲ್ಲಿ ಕಲಬುರಗಿ ಶೇ. 42.43ರೊಂದಿಗೆ ಕೊನೆಯದು. ಫಲಿತಾಂಶ ಬಂದ ಮರುದಿನ ಕಾರಣ ಕೇಳಿ ನೋಟಿಸು ಹೊರಡುತ್ತವೆ. ಗಣಿತದ ಶಿಕ್ಷಕರು ಶಾಲೆಗೆ ಬಂದ ತಾರೀಖು ಯಾವುದು ಎಂಬ ಕಾಲಂ ಆ ನೋಟಿಸಿನಲ್ಲಿ ಇರಲಿ ಎಂದು ನಮ್ಮ ಸಲಹೆ.

ಇನ್ನು ಕೋರಿಕೆಗಳು, ಬಹಳಷ್ಟನ್ನು ದಾರಿಯಲ್ಲೇ ಹೇಳಿದ್ದೇವೆ. ಉಳಿದವು ಮೂರು. ಪ್ರತಿ ತಿಂಗಳ 10ನೇ ತಾರೀಖಿಗೆ ಹಿಂದಿನ ತಿಂಗಳ ಗೌರವಧನ ಜಮೆಯಾಗಲಿ. ಆ ತಿಂಗಳು ಅನುದಾನ ಇಲ್ಲದಿದ್ದರೆ 'ಇಲ್ಲ' ಎಂದು ಬ್ಲಾಕ್ ಕಚೇರಿಯ ಫಲಕದ ಮೇಲೆ ಬರೆಯಿರಿ: ಬಿಲ್ ಏರಿಸಿದ ದಿನ, ಖಜಾನೆಗೆ ಹೋದ ದಿನ, ನಿಂತ ಕಾರಣ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಮೂವತ್ತು ದಿನ ಕಾದು ತಿಳಿಯಬೇಕಾದ ಗುಟ್ಟು ಅದರಲ್ಲಿ ಏನೂ ಇಲ್ಲ. ಎರಡನೆಯದು, ಇಡೀ ವರ್ಷದ ಗೌರವಧನಕ್ಕೆ ಬೇಕಾದ ಹಣವನ್ನು ಜೂನ್‌ನಲ್ಲೇ ಲೆಕ್ಕ ಹಾಕಿ ಮಂಜೂರು ಮಾಡಿ, ಕೊನೆಯ ಕಂತು ಮಾರ್ಚ್ 15ರ ಒಳಗೆ ಬ್ಲಾಕ್‌ಗೆ ತಲುಪಲಿ. ಮೂರನೆಯದು, ಬ್ಲಾಕ್‌ಗೊಬ್ಬ ಸಿಬ್ಬಂದಿಯನ್ನು ಈ ಕೆಲಸಕ್ಕೇ ಗುರುತಿಸಿ ಅವರ ಹೆಸರು, ಭೇಟಿಯ ವೇಳೆ ಪ್ರತಿ ಶಾಲೆಗೆ ಕಳಿಸಿ. ಈಗ ಜೇವರ್ಗಿಯ ಹಳ್ಳಿಯಿಂದಲೋ ಸುರಪುರದ ದೊಡ್ಡಿಯಿಂದಲೋ ಒಂದು ದಿನದ ಹಾಜರಿ ಕಳೆದುಕೊಂಡು, ಟಂಟಂ ಆಟೊ ಹತ್ತಿ ಕಚೇರಿಗೆ ಬಂದರೆ "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರಿ" ಎಂಬುದೇ ಉತ್ತರ. ಶಕ್ತಿ ಯೋಜನೆಯಿಂದ ಶಿಕ್ಷಕಿಯರಿಗೆ ಬಸ್ಸು ಬಿಟ್ಟಿ ನಿಜ, ಆದರೆ ಬಸ್ಸು ಹೋಗದ ಊರಿಗೂ ಶಾಲೆ ಇರುತ್ತದೆ.

ಈ ತಿಂಗಳ ಹಾಜರಿಯನ್ನು 25ನೇ ತಾರೀಖಿಗೇ ಬರೆಸಿ ಕಳಿಸಲು ನಾವು ನಮ್ಮ ನಮ್ಮ ಮುಖ್ಯಗುರುಗಳನ್ನು ಕೇಳಿಕೊಂಡಿದ್ದೇವೆ. ಖಾತೆ ವಿವರಗಳನ್ನು ಹೊಸ ಐಎಫ್‌ಎಸ್‌ಸಿಯೊಂದಿಗೆ ಮತ್ತೊಮ್ಮೆ ನೋಡಿ ಲಗತ್ತಿಸಿದ್ದೇವೆ. ಮುಂದಿನ ಸಹಿ ನಿಮ್ಮದು.

ಇಂತಿ ತಮ್ಮ ವಿಶ್ವಾಸಿಗಳು,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಅತಿಥಿ ಶಿಕ್ಷಕ-ಶಿಕ್ಷಕಿಯರು